ಅಸಲು ಅವಳಿಗೆ, ನಕಲು ನನಗೆ

ವಾರಂಟಿ ಅಂದರೆ ಏನು ಎಂದು ನನ್ನ ಅಂಗಡಿಗೆ ಬರುವ ಹತ್ತು ಜನರಲ್ಲಿ ಒಂಬತ್ತು ಜನರಿಗೆ ಗೊತ್ತಿಲ್ಲ. ಮಡಕೆ ಒಡೆದರೆ ಮಡಕೆ ಕೊಡುತ್ತಾರೆ, ಒಳಗಿದ್ದ ಹಾಲು ಕೊಡುವುದಿಲ್ಲ. ವಾರಂಟಿ ಅಂದರೆ ಇಷ್ಟೇ. ತೈವಾನಿನ ತೈನಾನ್ ಊರಿನ ಬೇಮೆನ್ ರಸ್ತೆಯಲ್ಲಿ ಇಪ್ಪತ್ತಾರು ವರ್ಷದಿಂದ ಕಂಪ್ಯೂಟರ್ ಸಾಮಾನು ಮಾರುತ್ತಾ ಈ ಮಾತನ್ನು ದಿನಕ್ಕೆ ಮೂರು ಸಲ ಹೇಳುತ್ತೇನೆ, ಒಮ್ಮೊಮ್ಮೆ ಬೈದೇ ಹೇಳುತ್ತೇನೆ. ಯೆನ್ ದೊಡ್ಡಪ್ಪನಿಗೆ ಮಾತ್ರ ಹೇಳಬೇಕಾದ ದಿನ ಹೇಳಲಿಲ್ಲ. ಅವತ್ತು ನನಗೆ ಅವಸರವಿತ್ತು.

ಅವರು ನನಗೆ ನೆಂಟರಲ್ಲ. ವಯಸ್ಸಾದ ಗಂಡಸರನ್ನೆಲ್ಲ ನಾವು ದೊಡ್ಡಪ್ಪ ಅಂತಲೇ ಕರೆಯೋದು. ಮೊದಲ ಸಲ ಅಂಗಡಿಗೆ ಬಂದಾಗ ಜೊತೆಗೆ ಹೆಂಡತಿಯಿದ್ದರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಎಪ್ಪತ್ತರ ಆಸುಪಾಸಿನ ಮನುಷ್ಯ. ಹೆಂಡತಿ ಕತ್ತಿಗೆ ಹೂವಿನ ಬಟ್ಟೆ ಸುತ್ತಿಕೊಂಡು ಸುಮ್ಮನೆ ಪಕ್ಕದಲ್ಲಿ ನಿಂತಿದ್ದರು.

"ಟೇಪುಗಳಿವೆ ಯಜಮಾನಿ. ಸಾವಿರದ ನೂರ ನಲವತ್ತು. ಬೂಷ್ಟು ಹಿಡೀತಾ ಇದೆ. ಎಲ್ಲಾ ಕಂಪ್ಯೂಟರಿಗೆ ಹಾಕಿ ಭದ್ರವಾಗಿ ಇಡ್ಬೇಕು," ಅಂದರು.

"ಏನಿದೆ ದೊಡ್ಡಪ್ಪ ಅದ್ರಲ್ಲಿ, ಹಳೇ ಹಾಡಾ?"

"ಇವಳ ಮಾತು."

ನನ್ನ ನಾಲಿಗೆಗೆ ಲಗಾಮಿಲ್ಲ. "ಅಷ್ಟೊಂದು ಮಾತಾಡಿದಾರಾ ಇವರು? ನೋಡಿದ್ರೆ ಬಾಯಿಗೆ ಬೆರಳಿಟ್ರೂ ಕಚ್ಚೋ ಹಾಗಿಲ್ವಲ್ಲ!" ಅಂದುಬಿಟ್ಟೆ.

ಆಕೆ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡು, ಭುಜ ಕುಲುಕಿಸಿಕೊಂಡು ನಕ್ಕರು. ಆದರೆ ಒಂದಿಷ್ಟೂ ಸದ್ದಾಗಲಿಲ್ಲ. ನಾನು ಪೆಚ್ಚಾಗಿ ನಿಂತೆ.

"ಗಂಟಲಲ್ಲಿ ಗೆಡ್ಡೆ ಆಗಿತ್ತು," ಅಂದರು ದೊಡ್ಡಪ್ಪ. "ಹೋದ ವರ್ಷ ಧ್ವನಿಪೆಟ್ಟಿಗೆ ತೆಗೆದ್ರು. ನೀನು ರೇಡಿಯೋ ಕೇಳ್ತಿದ್ಯಾ ಚಿಕ್ಕವಳಿದ್ದಾಗ? ಮಧ್ಯಾಹ್ನ ಎರಡಕ್ಕೆ, ಪೋಚು ಅಕ್ಕ?"

ಕೇಳುತ್ತಿದ್ದೆನಾ ಅಂದರೆ! ನನ್ನಮ್ಮ ಅನ್ಪಿಂಗ್‌ನಲ್ಲಿ ಸಿಂಪಿ ಬಿಡಿಸುವ ಕೆಲಸ ಮಾಡುತ್ತಿದ್ದಳು. ಗೋಡೆಯ ಮೊಳೆಗೆ ನೇತುಹಾಕಿದ ರೇಡಿಯೋದಲ್ಲಿ ಎರಡು ಗಂಟೆಗೆ ಸರಿಯಾಗಿ ಪೋಚು ಅಕ್ಕನ ನಗು ಬರುತ್ತಿತ್ತು. ನಮಸ್ಕಾರ ಆಮೇಲೆ, ಮೊದಲು ನಗು. ಕೊಡಪಾನದಿಂದ ನೀರು ಸುರಿದಂಥ ನಗು. ಆಮೇಲೆ ಪಿತ್ತಕ್ಕೆ ಗುಳಿಗೆ, ಮೊಣಕಾಲಿಗೆ ಎಣ್ಣೆ ಮಾರೋದು. ನಡುನಡುವೆ ಫೋನ್ ಮಾಡಿದ ಹೆಂಗಸರ ಗೋಳು ಕೇಳೋದು, ಅತ್ತೆಯರನ್ನೂ ಸೊಸೆಯರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿ ಬೈಯೋದು. ಅದನ್ನು ಕೇಳಲೆಂದೇ ನಮ್ಮಮ್ಮ ಊಟವನ್ನು ಒಂದೂವರೆಗೆ ಮುಗಿಸುತ್ತಿದ್ದಳು.

"ಅಮ್ಮ ನಿಮ್ಮ ಎಣ್ಣೇನ ಇಪ್ಪತ್ತು ವರ್ಷ ಹಚ್ಚಿದ್ಲು ಅಕ್ಕಾ," ಅಂದೆ. "ಮೊಣಕಾಲು ನೆಟ್ಟಗಾಗ್ಲಿಲ್ಲ."

ಆಕೆ ಚೀಲದಿಂದ ಪುಟ್ಟ ಪುಸ್ತಕ ತೆಗೆದು ಬರೆದು ತೋರಿಸಿದರು: 'ನೋವಿಲ್ಲದ ಕಾಲಿಗೆ ಹಚ್ಚಿರಬೇಕು.' ಬರೆದು ಮತ್ತೆ ಆ ಸದ್ದಿಲ್ಲದ ನಗು. ದೊಡ್ಡಪ್ಪ ಅವರ ಮುಖವನ್ನೇ ನೋಡುತ್ತಿದ್ದರು, ಯಾವ ಗಳಿಗೆಯಲ್ಲಾದರೂ ಸದ್ದು ಹೊರಟುಬಿಡಬಹುದು ಅನ್ನುವ ಹಾಗೆ.

ದೊಡ್ಡಪ್ಪ ಅದೇ ರೇಡಿಯೋ ಕೇಂದ್ರದಲ್ಲಿ ಧ್ವನಿ ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಗಾಜಿನ ಈಚೆ ಇವರು, ಆಚೆ ಆಕೆ. ಕೇಂದ್ರದವರು ಟೇಪನ್ನು ಅಳಿಸಿ ಅಳಿಸಿ ಮತ್ತೆ ಬಳಸುತ್ತಿದ್ದರಂತೆ. ಹಾಗಾಗಿ ಇವರೇ ಟೇಪು ಕೊಂಡುಕೊಂಡು ಹೋಗಿ ಹೆಂಡತಿಯ ಮಾತನ್ನು ತುಂಬಿಕೊಂಡು ಬಂದು ಬಿಸ್ಕತ್ತಿನ ಡಬ್ಬಿಗಳಲ್ಲಿ ಇಟ್ಟಿದ್ದರು. ಕೇಂದ್ರ ಮುಚ್ಚಿ ಎಷ್ಟೋ ಕಾಲವಾಗಿತ್ತು. ಪೋಚು ಅಕ್ಕನ ರೇಡಿಯೋ ದನಿ ಈ ಲೋಕದಲ್ಲಿ ಉಳಿದಿದ್ದರೆ ಅದು ಆ ಡಬ್ಬಿಗಳಲ್ಲಿ ಮಾತ್ರ.

ನಾನು ನಾಸ್ ಪೆಟ್ಟಿಗೆ ತೋರಿಸಿದೆ, ಮನೆಯಲ್ಲೇ ಎಲ್ಲ ತುಂಬಿಡಲು ನಾಲ್ಕು ಡಿಸ್ಕ್ ಹಿಡಿಯುವಂಥದ್ದು. ನಾಲ್ಕರಲ್ಲಿ ಒಂದು ಕೆಟ್ಟರೂ ಉಳಿದ ಮೂರು ಸೇರಿ ಎಲ್ಲವನ್ನೂ ಉಳಿಸಿಕೊಳ್ಳುತ್ತವೆ, ಹೊಸದೊಂದು ಹಾಕಿದರೆ ಹೋದದ್ದನ್ನು ಮತ್ತೆ ಬರೆದುಕೊಳ್ಳುತ್ತವೆ, ಅಂತ ವಿವರಿಸಿದೆ. ಆಕೆ ಬರೆದರು: 'ಬೀಗ ಹಾಕಬಹುದಾ? ಪ್ರಸಾರ ಆಗದ ಮಾತೂ ಇದೆ. ನಂಬಿ ಹೇಳಿಕೊಂಡವರ ಮನೆಯ ಗುಟ್ಟು.' ಹಾಕಬಹುದು ಅಂದೆ. ಗುಪ್ತಪದ ಇಲ್ಲದೆ ಯಾರೂ ತೆರೆಯದಂಥ ಬೀಗ ನಾನೇ ಹಾಕಿಕೊಟ್ಟೆ. ಅವರ ಹಳೆಯ ಫೋನುಗಳಲ್ಲಿದ್ದ ವಿಡಿಯೋಗಳನ್ನೂ ಅದಕ್ಕೇ ಸುರಿದು, ಜಾಗ ಆಗಲಿ ಅಂತ ಫೋನಿನಿಂದ ಅಳಿಸಿದವಳೂ ನಾನೇ. ಪೆಟ್ಟಿಗೆಯ ಮೇಲೆ ಒಂದು ಹಸಿರು ಪೊಟ್ಟಣದ ಜೋಳದ ತಿಂಡಿ ಇಟ್ಟುಕೊಟ್ಟೆ. ಯಂತ್ರ ಹಟ ಮಾಡದಿರಲಿ ಅಂತ ನಮ್ಮಲ್ಲಿ ಎಲ್ಲರೂ ಇಡುವುದು. ಹಸಿರೇ ಆಗಬೇಕು, ಅವಧಿ ಮೀರಬಾರದು.

ಅವತ್ತೇ ನಾನೊಂದು ತಪ್ಪು ಮಾಡಿದೆ. ನಾಲ್ಕು ಡಿಸ್ಕನ್ನೂ ಒಂದೇ ರಟ್ಟಿನ ಪೆಟ್ಟಿಗೆಯಿಂದ ತೆಗೆದೆ. ಒಂದೇ ದಿನ ಹುಟ್ಟಿದವು ಹೆಚ್ಚುಕಡಿಮೆ ಒಟ್ಟಿಗೇ ಸಾಯುತ್ತವೆ ಅನ್ನುವುದು ನನ್ನ ಕಸುಬಿನವರಿಗೆಲ್ಲ ಗೊತ್ತು. ಬೇರೆ ಬೇರೆ ಪೆಟ್ಟಿಗೆಯಿಂದ ಕೊಡಬೇಕು. ಆದರೆ ಇನ್ನೊಂದು ಪೆಟ್ಟಿಗೆ ಮಹಡಿಯ ಮೇಲಿತ್ತು. ಮೆಟ್ಟಿಲು ಹತ್ತಲು ನನಗೆ ಬೇಸರವಾಯಿತು. ಅಷ್ಟೇ ಕಾರಣ.

ಒಂದು ಗಂಟೆಯ ಟೇಪನ್ನು ನಕಲು ಮಾಡಬೇಕಾದರೆ ಒಂದು ಗಂಟೆ ಓಡಿಸಬೇಕು, ಬೇರೆ ದಾರಿಯಿಲ್ಲ. ದಿನಕ್ಕೆ ಎರಡರಂತೆ ಹತ್ತೊಂಬತ್ತು ತಿಂಗಳು ಗಂಡ ಹೆಂಡತಿ ಕೂತು ಕೇಳಿದರು. ನಡುವೆ ಆಗಾಗ ದೊಡ್ಡಪ್ಪ ಅಂಗಡಿಗೆ ಬಂದು ವರದಿ ಒಪ್ಪಿಸುತ್ತಿದ್ದರು. "ನಿನ್ನೆ ತೊಂಬತ್ತೊಂದನೇ ಇಸವಿ ಮುಗೀತು ಯಜಮಾನಿ. ಅವಳು ನನ್ನನ್ನೇ ರೇಡಿಯೋದಲ್ಲಿ ಬೈದಿದ್ಲು, ನನಗೆ ಮರ್ತೇ ಹೋಗಿತ್ತು. ಮತ್ತೆ ಹಾಕು ಅಂತ ಕೈ ಸನ್ನೆ ಮಾಡಿದ್ಲು. ನಾಲ್ಕು ಸಲ ಬೈಸ್ಕೊಂಡೆ."

ಕೊನೆಯ ಟೇಪು ಮುಗಿದ ತಿಂಗಳಿಗೆ ಪೋಚು ಅಕ್ಕ ಹೋಗಿಬಿಟ್ಟರು.

ನಲವತ್ತೊಂಬತ್ತನೆಯ ದಿನದ ಕರ್ಮ ಮುಗಿಸಿ ಎರಡು ದಿನಕ್ಕೆ ದೊಡ್ಡಪ್ಪ ಅಂಗಡಿಗೆ ಬಂದರು. ಬಟ್ಟೆಯಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರುತ್ತಿತ್ತು. ಸತ್ತವರಿಗೆ ಬೇಕಾದದ್ದನ್ನು ನಾವು ಬೆಂಕಿಯಲ್ಲಿ ಕಳಿಸುತ್ತೇವೆ. ಕಾಗದದ ಮನೆ, ಕಾಗದದ ಕಾರು, ಅವರು ಉಟ್ಟ ಬಟ್ಟೆ. ದೊಡ್ಡಪ್ಪ ಕಾಗದದ ಟೇಪ್ ರೆಕಾರ್ಡರ್ ಒಂದನ್ನು ಹೇಳಿ ಮಾಡಿಸಿದ್ದರಂತೆ. ಅದರ ಜೊತೆಗೆ ಸಾವಿರದ ನೂರ ನಲವತ್ತು ಟೇಪನ್ನೂ ಸುಟ್ಟಿದ್ದರು.

"ದೇವಸ್ಥಾನದ ಕುಲುಮೇಲಿ ಬಿಡ್ಲಿಲ್ಲ, ಹೊಗೆ ಅಂದ್ರು. ನನ್ನ ತಮ್ಮನದು ಚಿಗೂನಲ್ಲಿ ಮೀನಿನ ಹೊಂಡ ಇದೆಯಲ್ಲ, ಅದರ ದಂಡೆ ಮೇಲೆ ಸುಟ್ಟೆ. ಅಕ್ಕಪಕ್ಕದೋರು ಬಾಯಿಗೆ ಬಂದ ಹಾಗೆ ಬೈದ್ರು."

"ಎಲ್ಲಾನೂ ಸುಟ್ರಾ? ಒಂದೂ ಇಟ್ಕೊಳ್ಳಲಿಲ್ವಾ?"

"ಅಲ್ಲಿ ಅವಳಿಗೆ ಗಂಟಲು ಬೇಡ್ವಾ?" ಅಂದರು. "ನಾಣ್ಯ ಹಾಕಿ ಅವಳನ್ನೇ ಕೇಳ್ದೆ, ತಲುಪಿದ್ವಾ ಅಂತ. ಮೂರಕ್ಕೆ ಮೂರೂ ಹೌದು ಅಂತ ಬಿತ್ತು. ಅಸಲು ಅವಳಿಗೆ, ನಕಲು ನನಗೆ. ನಿನ್ನ ಪೆಟ್ಟಿಗೆ ಇದೆಯಲ್ಲ."

ನನ್ನ ಪೆಟ್ಟಿಗೆ ಇದೆಯಲ್ಲ! ಆಗಲೇ ಹೇಳಬೇಕಿತ್ತು, ನಾಲ್ಕು ಡಿಸ್ಕ್ ಇದ್ದರೂ ಅದು ಒಂದೇ ನಕಲು, ಇನ್ನೊಂದು ಕಡೆ ಇನ್ನೊಂದು ನಕಲು ಇಡಿ ಅಂತ. ನಲವತ್ತೊಂಬತ್ತು ದಿನ ಗಡ್ಡ ಬಿಟ್ಟಿದ್ದ ಆ ಮುಖಕ್ಕೆ ಪಾಠ ಹೇಳಲು ನನಗೆ ಬಾಯಿ ಬರಲಿಲ್ಲ. ಇನ್ನೊಮ್ಮೆ ಹೇಳಿದರಾಯಿತು ಅಂದುಕೊಂಡೆ.

ಹನ್ನೆರಡು ತಿಂಗಳು ಅವರು ಪ್ರತಿದಿನ ಮಧ್ಯಾಹ್ನ ಎರಡಕ್ಕೆ ಒಂದು ಕಾರ್ಯಕ್ರಮ ಕೇಳಿದರು. ಆಮೇಲೆ ಒಂದು ದಿನ ಪೆಟ್ಟಿಗೆ ಕೀ ಕೀ ಅಂತ ಕೂಗಿಕೊಂಡಿತು. ಮೊದಲ ಡಿಸ್ಕ್ ಸತ್ತಿತ್ತು. ವಾರಂಟಿ ಮುಗಿಯಲು ಎರಡು ತಿಂಗಳಿತ್ತು.

ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ತಂದರು. ಕಂಪನಿಯ ಕೊರಿಯರ್‌ನವನು ನಾಲ್ಕಕ್ಕೆ ಬರುವವನು. ಆಗಲೇ ಮೂರೂ ಮುಕ್ಕಾಲು, ನನ್ನ ಮುಂದೆ ಇನ್ನೂ ಆರು ಜನರ ಕೆಟ್ಟ ಸಾಮಾನು ರಾಶಿ ಬಿದ್ದಿತ್ತು.

"ಕೊಡೋದಾ ಬೇಡ್ವಾ ಅಂತ ಬೆಳಿಗ್ಗೆ ಅವಳನ್ನ ಕೇಳ್ದೆ," ಅಂದರು ದೊಡ್ಡಪ್ಪ. "ಮೂರು ಸಲಾನೂ ನಗು ಬಿತ್ತು."

ಸತ್ತವರನ್ನು ಏನಾದರೂ ಕೇಳಬೇಕಾದರೆ ನಾವು ಎರಡು ನಾಣ್ಯ ಹಾಕುತ್ತೇವೆ. ಒಂದು ಮುಖ, ಒಂದು ಬೆನ್ನು ಬಿದ್ದರೆ ಹೌದು. ಎರಡೂ ಬೆನ್ನು ಬಿದ್ದರೆ ಇಲ್ಲ. ಎರಡೂ ಮುಖ ಮೇಲಾಗಿ ಬಿದ್ದರೆ ನಗು. ನಗು ಬಿತ್ತೆಂದರೆ ನೀನು ಸರಿಯಾಗಿ ಕೇಳಿಲ್ಲ, ಯೋಚನೆ ಮಾಡಿ ಮತ್ತೆ ಕೇಳು ಎಂದು ಅರ್ಥ. ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ವಿಷಯ ಇದು.

"ನಗು ಅಂದ್ರೆ ಬೇಡ ಅಂತಲ್ವಲ್ಲ ದೊಡ್ಡಪ್ಪ," ಅಂದೆ ನಾನು. "ಇಲ್ಲಿ ಸಹಿ ಹಾಕಿ. ಕೊರಿಯರ್ ಹೋದ್ರೆ ಮತ್ತೆ ಸೋಮವಾರಾನೇ."

"ಇದ್ರಲ್ಲಿರೋದು?"

"ಮೂರು ಇದೆಯಲ್ಲ ಮನೇಲಿ. ಏನೂ ಹೋಗಿಲ್ಲ. ಕೇಳ್ತಾ ಇರಿ ಆರಾಮಾಗಿ. ಹೊಸದು ಬಂದ್ರೆ ಹಾಕಿದ್ರಾಯ್ತು."

ಅವರು ಜೇಬಿನ ಪೆನ್ನು ತೆಗೆದು, ಕನ್ನಡಕ ಹಾಕಿಕೊಂಡು, ಚೀಟಿಯ ಸಣ್ಣ ಅಕ್ಷರವನ್ನು ಓದಲು ಶುರು ಮಾಡಿದರು. ನಾನು ಬೆರಳಿನಿಂದ ಸಹಿಯ ಜಾಗ ತಟ್ಟಿದೆ. ಸಹಿ ಹಾಕಿದರು.

ಇಪ್ಪತ್ತಮೂರು ದಿನ ಕಂಪನಿಯಿಂದ ಸುದ್ದಿಯಿಲ್ಲ. ಫೋನ್ ಮಾಡಿದರೆ ಸಂಗೀತ. ಸಂಗೀತ ಮುಗಿದರೆ ಒಬ್ಬ ಹುಡುಗಿ, ಅವಳು ಕೊಟ್ಟ ಇನ್ನೊಂದು ನಂಬರು, ಆ ನಂಬರಿನಲ್ಲೂ ಅದೇ ಸಂಗೀತ. ಕೊನೆಗೆ ಬಂತು ಬದಲಿ ಡಿಸ್ಕ್. ಹೊಸದಲ್ಲ, ಇನ್ಯಾರದೋ ಕೆಟ್ಟದ್ದನ್ನು ರಿಪೇರಿ ಮಾಡಿ ಬೇರೆ ಚೀಟಿ ಅಂಟಿಸಿದ್ದು. ಅದನ್ನು ಹಾಕಿದರೆ ತಿರುಗಲೇ ಇಲ್ಲ. ವಾಪಸ್ ಕಳಿಸಿದೆ. "ಗಿರಾಕಿ ಬೀಳಿಸಿರಬಹುದಲ್ವಾ ಮೇಡಂ? ಆರೂ ಕಡೆಯಿಂದ ಫೋಟೋ ಕಳಿಸಿ," ಅಂದರು. "ಬೀಳಿಸಿದ್ದು ನಿಮ್ಮಪ್ಪ!" ಅಂದು ಫೋನ್ ಕುಕ್ಕಿದೆ, ಆಮೇಲೆ ಫೋಟೋ ಕಳಿಸಿದೆ. ಇನ್ನೂ ಹದಿನಾರು ದಿನ ಹೋಯಿತು.

ಅಷ್ಟೂ ದಿನ ದೊಡ್ಡಪ್ಪ ನನ್ನ ಮಾತು ನಂಬಿ ಪೆಟ್ಟಿಗೆ ಓಡಿಸಿಕೊಂಡು, ಮಧ್ಯಾಹ್ನ ಎರಡಕ್ಕೆ ಪೋಚು ಅಕ್ಕನನ್ನು ಕೇಳುತ್ತಿದ್ದರು. ಬದಲಿ ಬರುವವರೆಗೆ ಪೆಟ್ಟಿಗೆ ಆರಿಸಿಡಿ ಅಂತ ನಾನು ಹೇಳಬಹುದಿತ್ತು.

ಎರಡನೆಯ ಬದಲಿ ತಿರುಗಿತು. ನಾನೇ ಮನೆಗೆ ಹೋಗಿ ಹಾಕಿಬಂದೆ. ಹೋದದ್ದನ್ನೆಲ್ಲ ಮತ್ತೆ ಬರೆದುಕೊಳ್ಳಲು ಮೂವತ್ತೊಂದು ಗಂಟೆ ಎಂದು ಪೆಟ್ಟಿಗೆ ತೋರಿಸಿತು. ಮಾರನೆಯ ದಿನ ಬೆಳಿಗ್ಗೆ ದೊಡ್ಡಪ್ಪ ಫೋನ್ ಮಾಡಿದರು.

"ನೂರರಲ್ಲಿ ಅರವತ್ತೆರಡಕ್ಕೆ ನಿಂತಿದೆ ಯಜಮಾನಿ. ಒಳಗೆ ಏನೋ ಕಟಕಟ ಅಂತಿದೆ. ಹಸಿರು ಪೊಟ್ಟಣ ಹೋದ ವಾರಾನೇ ಬದಲಾಯ್ಸಿದ್ದೆ."

ಇನ್ನೊಂದು ಡಿಸ್ಕ್. ಅದೇ ರಟ್ಟಿನ ಪೆಟ್ಟಿಗೆಯದು. ಮೂವತ್ತೊಂದು ಗಂಟೆ ಬಿಡದೆ ಓದು ಅಂದರೆ ಮುದಿಯಾದ ಡಿಸ್ಕ್ ತಾಳಲಿಲ್ಲ.

ಕಾವ್‌ಶ್ಯುಂಗ್‌ನಲ್ಲಿ ಸತ್ತ ಡಿಸ್ಕುಗಳಿಂದ ಮಾಹಿತಿ ತೆಗೆಯುವ ಒಬ್ಬನಿದ್ದಾನೆ. ಮಾತು ಕಡಿಮೆ, ಕೈ ಶುದ್ಧ. ದೊಡ್ಡಪ್ಪನನ್ನು ಕರೆದುಕೊಂಡು, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಹೋದೆ. ಅವನು ಮೂರು ದಿನ ಇಟ್ಟುಕೊಂಡು ಮತ್ತೆ ಕರೆಸಿದ.

"ಈ ಎರಡನೇದ್ರ ಮೈಯೆಲ್ಲಾ ಗೀಚಿಹೋಗಿದೆ. ಇದ್ರಿಂದ ಏನೂ ಬರಲ್ಲ," ಅಂದ. "ಬೇರೆಯವರದ್ದಾಗಿದ್ರೆ ಉಳಿದ ಎರಡ್ರಿಂದ ಚೂರುಪಾರು ಕೊಡ್ತಿದ್ದೆ. ನೀವು ಬೀಗ ಹಾಕಿದೀರಿ. ಬೀಗದ ಕೈಯೂ ನಾಲ್ಕರಲ್ಲಿ ಹಂಚಿಹೋಗಿರತ್ತೆ. ಮೂರು ಬೇಕೇ ಬೇಕು. ಮೊದ್ಲು ಕೆಟ್ಟಿದ್ದು ಎಲ್ಲಿ?"

"ವಾರಂಟಿಗೆ ಕಳಿಸಿದೆ," ಅಂದೆ.

"ಹೇಗೆ ಕೆಟ್ಟಿತ್ತು? ಸದ್ದು ಮಾಡ್ತಿತ್ತಾ?"

"ಇಲ್ಲ. ಜೀವಾನೇ ಇರ್ಲಿಲ್ಲ."

ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಕಸುಬಿನವನಿಗೆ ಕಸುಬಿನವಳ ತಪ್ಪು ಗೊತ್ತಾಗುತ್ತದೆ. "ಹಾಗಿದ್ರೆ ಮೇಲಿನ ಸರ್ಕ್ಯೂಟ್ ಹಲಗೆ ಮಾತ್ರ ಸುಟ್ಟಿರತ್ತೆ, ಒಳಗೆ ಎಲ್ಲಾ ಚೆನ್ನಾಗಿರತ್ತೆ. ಅದೊಂದನ್ನ ತಗೊಂಡು ಬನ್ನಿ. ಒಂದು ವಾರದಲ್ಲಿ ಪೂರ್ತಿ ಕೊಡ್ತೀನಿ."

"ಪೂರ್ತಿ ಅಂದ್ರೆ? ನಗೂನೂ?" ಅಂತ ದೊಡ್ಡಪ್ಪ ಕೇಳಿದರು.

ಅವನಿಗೆ ಅರ್ಥವಾಗಲಿಲ್ಲ. "ಪೂರ್ತಿ ಅಂದ್ರೆ ಪೂರ್ತಿ," ಅಂದ.

ಫೋನಿನ ಸಂಗೀತಕ್ಕೆ ಕಾಯುವ ತಾಳ್ಮೆ ನಮ್ಮಿಬ್ಬರಿಗೂ ಇರಲಿಲ್ಲ. ಮಾರನೆಯ ದಿನವೇ ಬೆಳಗಿನ ರೈಲಿಗೆ ತಾವ್‌ಯುವನ್‌ಗೆ ಹೊರಟೆವು. ಡಿಸ್ಕ್ ಕಂಪನಿಯ ರಿಪೇರಿ ಕೇಂದ್ರ ಇರುವುದು ಅಲ್ಲಿ, ಉಗ್ರಾಣಗಳ ಸಾಲಿನಲ್ಲಿ. ದೊಡ್ಡಪ್ಪ ಇಸ್ತ್ರಿ ಅಂಗಿ ಹಾಕಿದ್ದರು. ದಾರಿಯುದ್ದಕ್ಕೂ ಲವಲವಿಕೆಯಿಂದ ಮಾತಾಡಿದರು, ರೈಲಿನಲ್ಲಿ ನನಗೊಂದು ಊಟದ ಡಬ್ಬಿ ಕೊಡಿಸಿದರು. "ಸಿಕ್ಕಿದ ದಿನ ಮೊದ್ಲು ಯಾವ ಟೇಪು ಹಾಕ್ಲಿ ಹೇಳು? ನನ್ನ ಬೈದದ್ದೇ ಹಾಕ್ತೀನಿ," ಅಂದರು. ನಾನು ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟೆ.

ಅಲ್ಲಿ ನಂಬರಿನ ಚೀಟಿ ತೆಗೆದುಕೊಂಡು ಒಂದು ಗಂಟೆ ಕೂತೆವು. ಕಿಟಕಿಯ ಹಿಂದೆ ಇದ್ದ ಹುಡುಗಿ ನಯವಾಗಿಯೇ ಮಾತಾಡಿದಳು. ಸೀರಿಯಲ್ ನಂಬರ್ ಒತ್ತಿ ನೋಡಿದಳು.

"ಇದು ಬದಲಾವಣೆ ಆಗಿಹೋಗಿದೆ ಸಾರ್. ಬದಲಾದ ಮೇಲೆ ಹಳೇದು ಕಂಪನಿ ಸ್ವತ್ತು. ನೀವು ಒಪ್ಪಿ ಸಹಿ ಹಾಕಿದೀರಿ." ಪರದೆ ತಿರುಗಿಸಿ ತೋರಿಸಿದಳು. ಅವಸರದ ಸಹಿ. ಪಕ್ಕದಲ್ಲಿ ನನ್ನ ಅಂಗಡಿಯ ಮುದ್ರೆ.

"ಗೊತ್ತಮ್ಮ," ಅಂದೆ. "ಸ್ವತ್ತು ನಿಮ್ದೇ. ನಾವು ನಾಲ್ಕು ಹೊಸದು ಕೊಡ್ತೀವಿ, ಅದೊಂದನ್ನ ಕೊಡಿ."

"ಅದು ಇಲ್ಲಿಲ್ಲ ಮೇಡಂ. ಹಲಗೆ ಬದಲಾಯ್ಸಿ, ಪೂರ್ತಿ ಅಳಿಸಿ, ಪರೀಕ್ಷೆ ಮಾಡಿ, ಬೇರೆ ಗ್ರಾಹಕರಿಗೆ ಬದಲಿ ಅಂತ ಕಳ್ಸಿದೀವಿ. ಹೋಗಿ ಒಂದು ತಿಂಗಳ ಮೇಲಾಯ್ತು."

"ಅಳಿಸಿದ್ದು ಅಂದ್ರೆ ಹೇಗೆ? ಮೇಲೆ ಮೇಲೆ ಅಳಿಸೋದಾ?"

"ಇಲ್ಲ ಮೇಡಂ. ಮೊದಲಿಂದ ಕೊನೇವರೆಗೂ ಸೊನ್ನೆ ಬರೀತೀವಿ. ಗ್ರಾಹಕರ ಗುಟ್ಟು ಕಾಪಾಡ್ಬೇಕಲ್ವಾ?"

ದೊಡ್ಡಪ್ಪ ಕಿಟಕಿಯ ಹತ್ತಿರ ಬಗ್ಗಿದರು. "ಯಾರಿಗೆ ಹೋಗಿದೆ ಅಂತ ಹೇಳ್ತೀಯಾ ಮಗಳೇ?"

"ಹೇಳೋ ಹಾಗಿಲ್ಲ ಸಾರ್."

"ಬೇಡ. ಹೇಳ್ಬೇಡ. ಅವರು ಯಾವಾಗಾದ್ರೂ ಫೋನ್ ಮಾಡಿದ್ರೆ ಒಂದ್ ಮಾತು ಹೇಳು, ಅದರೊಳಗೆ ಮೊದ್ಲು ಒಬ್ಬಳು ಹೆಂಗಸು ಇದ್ಲು ಅಂತ. ಸ್ವಲ್ಪ ಹುಷಾರಾಗಿ ಇಟ್ಕೊಳ್ಳಲಿ."

ಹುಡುಗಿ ಮುಂದಿನ ನಂಬರು ಒತ್ತಿದಳು. ವಾಪಸ್ ಬರುವಾಗ ದೊಡ್ಡಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತರು.

ಉಳಿದ ಎರಡು ಡಿಸ್ಕೂ ಮುಂದಿನ ಹದಿನೈದು ದಿನದಲ್ಲಿ ಕೆಟ್ಟವು. ಕಂಪನಿಯ ಮೇಲೆ ಕೂಗಾಡಿದೆ, ದೂರು ಬರೆದೆ, ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ ಅಂದೆ. ಕೊನೆಗೆ ಅವರು ನಾಲ್ಕು ಹೊಚ್ಚ ಹೊಸ ಡಿಸ್ಕ್ ಕೊಟ್ಟರು, ಮೂರು ವರ್ಷದ ಹೊಸ ವಾರಂಟಿಯ ಜೊತೆಗೆ. ನಾಲ್ಕೂ ಬೇರೆ ಬೇರೆ ಪೆಟ್ಟಿಗೆಯವೇ ಆಗಬೇಕು ಅಂತ ಹಟ ಮಾಡಿ ತರಿಸಿಕೊಂಡೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅವನ್ನು ತೆಗೆದುಕೊಂಡು ಮನೆಗೆ ಹೋದಾಗ ಮಧ್ಯಾಹ್ನ ಎರಡಾಗಲು ಹತ್ತು ನಿಮಿಷವಿತ್ತು. ಪೂಜೆಯ ಗೂಡಿನಲ್ಲಿ ಪೋಚು ಅಕ್ಕನ ಹೆಸರಿನ ಮರದ ಫಲಕ, ಫೋಟೋ, ಒಂದು ತಟ್ಟೆಯಲ್ಲಿ ಸೀಬೆಹಣ್ಣು. ಎದುರಿನ ಮೇಜಿನ ಮೇಲೆ ದೀಪ ಆರಿದ ನಾಸ್ ಪೆಟ್ಟಿಗೆ, ಅದರ ಮೇಲೆ ಹಸಿರು ಪೊಟ್ಟಣ ಇನ್ನೂ ಕೂತಿತ್ತು. ದೊಡ್ಡಪ್ಪನ ಅಂಗಿಗೆ ಇಸ್ತ್ರಿಯಿರಲಿಲ್ಲ.

"ಹೊಸದು ದೊಡ್ಡಪ್ಪ. ನಾಲ್ಕೂ ಹೊಸದು. ಈಗಲೇ ಹಾಕಿಕೊಡ್ತೀನಿ."

ಅವರು ಒಂದನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿದರು. "ಭಾರ ಇದೆ," ಅಂದರು. "ಇದಕ್ಕೆ ಏನು ತುಂಬಲಿ ಯಜಮಾನಿ?"

ನನಗೆ ತಡೆಯಲಾಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಮೆಟ್ಟಿಲು ಹತ್ತಲು ಬೇಸರಪಟ್ಟು ಒಂದೇ ಪೆಟ್ಟಿಗೆಯಿಂದ ನಾಲ್ಕೂ ಕೊಟ್ಟದ್ದು, ಎರಡನೆಯ ನಕಲು ಇಡಿ ಅಂತ ಹೇಳದೆ ಹೋದದ್ದು, ಫೋನಿನಿಂದ ಅಳಿಸಿದ್ದು, ಓಡಿಸಿಕೊಂಡೇ ಇರಿ ಅಂದದ್ದು, ಓದಲು ಬಿಡದೆ ಸಹಿ ಹಾಕಿಸಿದ್ದು. "ಮೂರು ಸಲ ನಗು ಬಿದ್ದಿತ್ತಲ್ಲ ದೊಡ್ಡಪ್ಪ. ಅಕ್ಕ ಮತ್ತೆ ಕೇಳಿ ಅಂತ ಹೇಳ್ತಿದ್ರು. ನಾನು ಕೇಳೋಕೆ ಬಿಡ್ಲಿಲ್ಲ. ನಾನು ಪಾಪಿ," ಅಂದೆ. ಅಳು ಬಂತು. ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಲ್ಲಿ ಯಾರ ಮುಂದೆಯೂ ಅತ್ತವಳಲ್ಲ ನಾನು.

ಅವರು ಪರವಾಗಿಲ್ಲ ಅನ್ನಲಿಲ್ಲ. ಕೈಯಲ್ಲಿದ್ದ ಡಿಸ್ಕನ್ನು ಮೇಜಿನ ಮೇಲಿಟ್ಟರು.

"ನೀನು ಸಹಿ ಹಾಕ್ಸಿದೆ. ನಾನು ಬೆಂಕಿ ಇಟ್ಟೆ," ಅಂದರು. "ಒಂದೇ ಒಂದು ಟೇಪು ಜೇಬಲ್ಲಿ ಇಟ್ಕೊಂಡಿದ್ರೆ ಅವಳೇನು ಬೇಡ ಅಂತಿದ್ಲಾ? ನನ್ನನ್ನ ಯಾಕೆ ಕೇಳ್ತೀಯಮ್ಮ. ಅವಳನ್ನೇ ಕೇಳು."

ಎರಡು ನಾಣ್ಯ ಕೊಟ್ಟರು. ಊದುಬತ್ತಿ ಹಚ್ಚಿ ಫಲಕದ ಮುಂದೆ ಮಂಡಿಯೂರಿದೆ.

"ಪೋಚು ಅಕ್ಕಾ, ನಾನು ಸುಚಿನ್, ಬೇಮೆನ್ ರಸ್ತೆ ಅಂಗಡಿಯವಳು. ಮೊಣಕಾಲೆಣ್ಣೆ ಹಚ್ತಿದ್ದವಳ ಮಗಳು. ತಪ್ಪು ನನ್ನದೇನಾ?"

ನಾಣ್ಯ ತಟ್ಟೆಯಲ್ಲಿ ಉರುಳಿ ನಿಂತವು. ಎರಡೂ ಮುಖ ಮೇಲೆ. ನಗು.

"ಸರಿಯಾಗಿ ಕೇಳು," ಅಂದರು ದೊಡ್ಡಪ್ಪ ಹಿಂದಿನಿಂದ.

"ನನ್ನ ಮೇಲೆ ಸಿಟ್ಟಿದೆಯಾ ಅಕ್ಕಾ?"

ಮತ್ತೆ ನಗು.

ದೊಡ್ಡಪ್ಪ ಮಂಡಿಗೆ ಕೈಕೊಟ್ಟು ಮೆಲ್ಲಗೆ ನನ್ನ ಪಕ್ಕದಲ್ಲಿ ಕೂತರು. ನನ್ನ ಕೈಯಿಂದ ನಾಣ್ಯ ತೆಗೆದುಕೊಂಡರು. ಗಡಿಯಾರ ಎರಡು ಹೊಡೆಯಿತು. ಅವರು ಅಭ್ಯಾಸದಿಂದ ಪೆಟ್ಟಿಗೆಯ ಕಡೆ ಒಮ್ಮೆ ತಿರುಗಿ ನೋಡಿ, ಮತ್ತೆ ಫಲಕದ ಕಡೆ ತಿರುಗಿದರು.

"ಪೋಚು," ಅಂದರು. "ಎಲ್ಲಾ ಅಲ್ಲೇ ಇದೆಯಲ್ಲ ನಿನ್ನ ಹತ್ರ. ಒಂದೇ ಒಂದು ವಾಪಸ್ ಕಳಿಸ್ತೀಯೇನೆ? ನನ್ನ ಬೈದದ್ದಾದ್ರೂ ಸರಿ."

ನಾಣ್ಯ ಬಿಟ್ಟರು. ಒಂದು ಬೇಗ ಮಲಗಿತು. ಇನ್ನೊಂದು ತಟ್ಟೆಯ ಅಂಚಿಗೆ ಸುತ್ತು ಹಾಕಿ ಹಾಕಿ ಅದರ ಪಕ್ಕಕ್ಕೇ ಬಂದು ಬಿತ್ತು. ಎರಡೂ ಮುಖ ಮೇಲೆ.

ದೊಡ್ಡಪ್ಪ ಬಗ್ಗಿ ತಟ್ಟೆಯನ್ನು ನೋಡಿದರು, ಆಮೇಲೆ ಫೋಟೋ ನೋಡಿದರು. ಅವರ ಭುಜ ಕುಲುಕತೊಡಗಿತು.

"ನಗ್ತಾ ಇದಾಳೆ ಕಣಮ್ಮ," ಅಂದರು. "ಸದ್ದೊಂದೇ ಕೇಳಿಸ್ತಿಲ್ಲ."